ಮುಂದಿನ ಆದೇಶದವರೆಗೆ



ಈ ಪುಟದಲ್ಲಿ ಏನನ್ನೂ ಬರೆಯದೆ ಮೂರು ತಿಂಗಳಾಯಿತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನೆಪವೊಂದಿತ್ತು. ಅದು ಮುಗಿದು ಬಹಳ ದಿನಗಳಾದ ಮೇಲೂ ಉಳಿದದ್ದು ಸೋಮಾರಿತನವೇ. ಈಗ ಬರೆಯಲು ಕುಳಿತಿರುವುದಕ್ಕೆ ಕಾರಣ ಒಬ್ಬ ಹಳೆಯ ವಿದ್ಯಾರ್ಥಿಯ ಪತ್ರ. ಅವನು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಇಪ್ಪತ್ತು ವರ್ಷಗಳಾಗಿವೆ. 2025ರ ಜನವರಿಯಲ್ಲಿ ಲಾಸ್ ಏಂಜಲಿಸ್ ಸುತ್ತಲಿನ ಗುಡ್ಡಗಳಿಗೆ ಬೆಂಕಿ ಬಿದ್ದ ಬಳಿಕ ಅಲ್ಲಿ ‘ಸ್ಥಳೀಯ ತುರ್ತುಸ್ಥಿತಿ’ಯನ್ನು ಘೋಷಿಸಿದರಂತೆ. ಅಲ್ಲಿಯ ಕಾನೂನಿನ ಪ್ರಕಾರ ಒಬ್ಬ ಅಧಿಕಾರಿ ಹೀಗೆ ಘೋಷಿಸಿದರೆ, ಏಳು ದಿನಗಳೊಳಗೆ ಜನರು ಆರಿಸಿದ ಸಭೆ ಅದನ್ನು ಅನುಮೋದಿಸತಕ್ಕದ್ದು; ಇಲ್ಲವಾದರೆ ಘೋಷಣೆ ತಾನಾಗಿ ಬಿದ್ದುಹೋಗುತ್ತದೆ. ಅನುಮೋದಿಸಿದ ಮೇಲೂ ಅರವತ್ತು ದಿನಗಳಿಗೊಮ್ಮೆಯಾದರೂ ಅದೇ ಸಭೆ ಕುಳಿತು, ಇದು ಇನ್ನೂ ಬೇಕೇ ಎಂದು ವಿಚಾರಿಸಬೇಕು. ಇಷ್ಟನ್ನು ವಿವರಿಸಿ ಆತ ಕೊನೆಗೆ ಒಂದು ಸಾಲು ಸೇರಿಸಿದ್ದ: ‘ಸರ್, ನೀವು ಅಂದು ನನ್ನ ಪ್ರಶ್ನೆಗೆ ಹೇಳಿದ ಉತ್ತರ ಸರಿಯಿತ್ತೇ?’

ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಪ್ರಶ್ನೆ. ಅವನು ಅದನ್ನು ನೆನಪಿಟ್ಟುಕೊಂಡದ್ದಕ್ಕಿಂತ ನಾನೂ ಮರೆಯದೆ ಇದ್ದುದೇ ನನಗೆ ಆಶ್ಚರ್ಯ.

1998ರ ಡಿಸೆಂಬರ್ ಕೊನೆಯಲ್ಲಿ ಸುರತ್ಕಲ್‌ನಲ್ಲಿ ಗಲಭೆಯಾಗಿ ಕರ್ಫ್ಯೂ ಹೇರಿದ್ದರು. ಜನವರಿಯಲ್ಲಿ ತರಗತಿಗಳು ಮತ್ತೆ ಸರಿಯಾಗಿ ನಡೆಯತೊಡಗಿದಾಗ, ಹತ್ತನೆಯ ತರಗತಿಯ ಪೌರನೀತಿಯ ಪಾಠದಲ್ಲಿ ಮೂಲಭೂತ ಹಕ್ಕುಗಳ ಅಧ್ಯಾಯ ಉಳಿದಿತ್ತು. ಸುರತ್ಕಲ್ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಈ ಹುಡುಗ ಎದ್ದು ನಿಂತು, ‘ಸರ್, ನೂರ ನಲವತ್ತನಾಲ್ಕನ್ನು ಎಷ್ಟು ದಿನ ಇಡಬಹುದು?’ ಎಂದು ಕೇಳಿದ. ನಾನು ತಡವರಿಸದೆ, ‘ಮುಂದಿನ ಆದೇಶದವರೆಗೆ’ ಎಂದೆ. ‘ಮುಂದಿನ ಆದೇಶ ಬಾರದೇ ಹೋದರೆ?’ ಎಂದ. ತರಗತಿ ನಕ್ಕಿತು. ‘ಅಧಿಕಪ್ರಸಂಗ ಬೇಡ, ಕುಳಿತುಕೋ’ ಎಂದೆ. ರಾಷ್ಟ್ರಪತಿ ಆಡಳಿತವನ್ನು ಒಂದು ಸಲಕ್ಕೆ ಆರು ತಿಂಗಳವರೆಗೆ ಮಾತ್ರ ವಿಸ್ತರಿಸಬಹುದೆಂಬುದು ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಕಂಠಪಾಠವಿತ್ತು, ಏಕೆಂದರೆ ಅದು ಪರೀಕ್ಷೆಗೆ ಬರುತ್ತಿತ್ತು. ತಮ್ಮ ಮನೆಯ ಮುಂದಿನ ರಸ್ತೆಯನ್ನು ಎಷ್ಟು ದಿನ ಮುಚ್ಚಬಹುದೆಂಬುದು ಪರೀಕ್ಷೆಗೆ ಬರುತ್ತಿರಲಿಲ್ಲ. ಪಾಠ ಹೇಳುವವನಿಗೂ ಅದು ಗೊತ್ತಿರಲಿಲ್ಲ.

ಆದರೆ ಆ ಉತ್ತರವನ್ನು ನಾನು ಹುಟ್ಟಿಸಿ ಹೇಳಿದ್ದೂ ಅಲ್ಲ. ಅದಕ್ಕೊಂದು ಮೂಲವಿತ್ತು. ನನ್ನ ಸೋದರಮಾವ ಮಂಗಳೂರಿನ ವಕೀಲರೊಬ್ಬರ ಬಳಿ ಬಹಳ ವರ್ಷ ಗುಮಾಸ್ತರಾಗಿದ್ದರು. ಬೇಸಗೆ ರಜೆಯಲ್ಲಿ ಅವರ ಮನೆಗೆ ಹೋದಾಗ, ರಟ್ಟು ಕಿತ್ತುಹೋಗಿದ್ದ 1898ರ ದಂಡ ಪ್ರಕ್ರಿಯಾ ಸಂಹಿತೆಯನ್ನು ನಮಗೆ ಓದಿ ಹೇಳುವುದು ಅವರ ಒಂದು ಹವ್ಯಾಸ. ಉಳಿದ ಮಾವಂದಿರು ಪುರಾಣ ಹೇಳುತ್ತಿದ್ದರು; ಇವರು ಸೆಕ್ಷನ್ ಹೇಳುತ್ತಿದ್ದರು. ಗಾಂಧೀಜಿಯವರಿಗೆ 1917ರ ಏಪ್ರಿಲ್‌ನಲ್ಲಿ ಚಂಪಾರಣ್ ಬಿಟ್ಟು ಹೊರಡುವಂತೆ ಕೊಟ್ಟ ನೋಟೀಸು ಇದೇ ನೂರ ನಲವತ್ತನಾಲ್ಕನೆಯ ಸೆಕ್ಷನ್ನಿನದೆಂದು ಮೊದಲು ಕೇಳಿದ್ದು ಅವರ ಬಾಯಿಂದಲೇ. ‘ಇದು ಎಷ್ಟು ದಿನ ಮಾವ?’ ಎಂದು ನಾನೂ ಕೇಳಿದ್ದಿರಬೇಕು. ‘ಮ್ಯಾಜಿಸ್ಟ್ರೇಟರಿಗೆ ಎರಡು ತಿಂಗಳು, ಸರಕಾರಕ್ಕೆ ಅದರ ಮನಸ್ಸು ಬಂದಷ್ಟು ದಿನ’ ಎಂದಿದ್ದರು. ಅದರ ಮೊದಲರ್ಧವನ್ನು ಮರೆತು ಎರಡನೆಯ ಅರ್ಧವನ್ನಷ್ಟೇ ನಾನು ಜೀವಮಾನವಿಡೀ ಹೊತ್ತುಕೊಂಡು ಬಂದೆ.

ಪತ್ರ ಬಂದ ಮೇಲೆ ಕುಳಿತು ಓದಿದಾಗ ತಿಳಿಯಿತು: ಮಾವ ಹೇಳಿದ್ದು ಅವರ ಕಾಲಕ್ಕೆ ಅಕ್ಷರಶಃ ಸರಿ. ಆ ಹಳೆಯ ಸಂಹಿತೆಯ 144ನೆಯ ಸೆಕ್ಷನ್ನಿನ ಆರನೆಯ ಉಪವಿಭಾಗ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಎರಡು ತಿಂಗಳ ಆಯುಸ್ಸನ್ನು ಕೊಟ್ಟಿತ್ತು. ಆದರೆ ಜೀವಕ್ಕೋ ಆರೋಗ್ಯಕ್ಕೋ ಅಪಾಯವಿದ್ದರೆ, ಗಲಭೆಯ ಸಂಭವವಿದ್ದರೆ, ಸರಕಾರ ರಾಜ್ಯಪತ್ರದಲ್ಲಿ ಪ್ರಕಟಿಸಿ ಬೇರೆ ರೀತಿ ನಿರ್ದೇಶಿಸಬಹುದು ಎಂದೂ ಸೇರಿಸಿತ್ತು. ಎಷ್ಟು ಕಾಲದವರೆಗೆ ಎಂಬ ಮಾತೇ ಇಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಹಾಗೆ. ಬ್ರಿಟಿಷರು ಬರೆದ ಈ ಸಾಲು ಸ್ವಾತಂತ್ರ್ಯ ಬಂದ ಮೇಲೂ ಎರಡು ದಶಕ ಹಾಗೆಯೇ ನಡೆಯಿತು.

ಆ ಹಿತ್ತಿಲ ಬಾಗಿಲನ್ನು ಮುಚ್ಚಿದ್ದು 1969ರಲ್ಲಿ ಸರ್ವೋಚ್ಚ ನ್ಯಾಯಾಲಯ, ಬಿಹಾರ ರಾಜ್ಯಕ್ಕೂ ಕೆ. ಕೆ. ಮಿಶ್ರ ಎಂಬವರಿಗೂ ನಡೆದ ಮೊಕದ್ದಮೆಯಲ್ಲಿ. ಮ್ಯಾಜಿಸ್ಟ್ರೇಟರ ಅಧಿಕಾರವನ್ನು ನ್ಯಾಯಾಲಯ ಮುಟ್ಟಲಿಲ್ಲ. ಆದರೆ ಅವಧಿಯ ಮಿತಿಯಿಲ್ಲದೆ, ನೊಂದವನು ಹೋಗಿ ತನ್ನ ಅಹವಾಲು ಹೇಳಿಕೊಳ್ಳುವುದಕ್ಕೂ ದಾರಿಯಿಲ್ಲದೆ, ಒಂದು ತಾತ್ಕಾಲಿಕ ಆದೇಶವನ್ನು ಸರಕಾರ ಶಾಶ್ವತವೆಂಬಷ್ಟು ಎಳೆಯಬಹುದಾದ ಅಧಿಕಾರ ನಾಗರಿಕನ ಸ್ವಾತಂತ್ರ್ಯದ ಮೇಲೆ ಯುಕ್ತವಾದ ನಿರ್ಬಂಧವಲ್ಲವೆಂದು ಆ ಭಾಗವನ್ನು ಬಹುಮತದಿಂದ ರದ್ದುಗೊಳಿಸಿತು. (ನಮ್ಮ ಕಾರ್ಕಳದ ಕೌಡೂರಿನ ಕೆ. ಎಸ್. ಹೆಗ್ಡೆಯವರು ಆ ವರ್ಷಗಳಲ್ಲಿ ಅದೇ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದರೆಂಬುದನ್ನು ಊರಿನ ಅಭಿಮಾನದಿಂದ ನೆನೆಯುತ್ತೇನೆ. 1973ರಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿದಾಗ ರಾಜೀನಾಮೆಯಿತ್ತು ಹೊರಬಂದ ಕಥೆ ನಿಮಗೆಲ್ಲ ಗೊತ್ತಿದೆ.)

ಅದೇ 1973ರಲ್ಲಿ ಹೊಸ ದಂಡ ಪ್ರಕ್ರಿಯಾ ಸಂಹಿತೆ ಬಂದು 1974ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರಲ್ಲೂ ಸಂಖ್ಯೆ 144 ಉಳಿಯಿತು, ಮ್ಯಾಜಿಸ್ಟ್ರೇಟರ ಎರಡು ತಿಂಗಳೂ ಉಳಿಯಿತು. ಸರಕಾರದ ಪಾಲಿಗೆ ಮಾತ್ರ ಮಿತಿ ಬಂತು: ಆ ಎರಡು ತಿಂಗಳು ಮುಗಿದ ದಿನದಿಂದ ಹೆಚ್ಚೆಂದರೆ ಇನ್ನು ಆರು ತಿಂಗಳು. ಎಂಟು ತಿಂಗಳು ಕಳೆದ ಮೇಲೆ ಒಂದು ದಿನವೂ ಇಲ್ಲ. ಜೊತೆಗೆ, ಆದೇಶದಿಂದ ತೊಂದರೆಗೊಳಗಾದ ಯಾರೇ ಆಗಲಿ ಅದನ್ನು ರದ್ದುಪಡಿಸಲು ಅಥವಾ ಬದಲಿಸಲು ಅರ್ಜಿ ಕೊಡಬಹುದು; ಅರ್ಜಿದಾರನ ಮಾತನ್ನು ಆದಷ್ಟು ಬೇಗನೆ ಕೇಳಬೇಕು; ತಿರಸ್ಕರಿಸುವುದಾದರೆ ಕಾರಣವನ್ನು ಬರೆದಿಡಬೇಕು. 1999ರಲ್ಲಿ ನಾನು ಆ ಹುಡುಗನನ್ನು ಕುಳ್ಳಿರಿಸಿದಾಗ ಈ ಕಾನೂನಿಗೆ ಇಪ್ಪತ್ತೈದು ವರ್ಷ ತುಂಬುತ್ತ ಬಂದಿತ್ತು. ನಾನು ಕಲಿಸಿದ್ದು ಸತ್ತುಹೋದ ಕಾನೂನನ್ನು.

ಇದೆಲ್ಲ ವಕೀಲರ ಲೆಕ್ಕಾಚಾರ, ಗಲಭೆಯ ಹೊತ್ತಿನಲ್ಲಿ ಎರಡು ತಿಂಗಳಾದರೇನು ಎಂಟಾದರೇನು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ನನಗೂ 2006ರ ಅಕ್ಟೋಬರ್‌ವರೆಗೆ ಹಾಗೆಯೇ ಇತ್ತು.

ಆ ತಿಂಗಳು ಮಂಗಳೂರಿನಲ್ಲಿ ಗಲಭೆ ಹಬ್ಬಿ, ಇಬ್ಬರು ಪ್ರಾಣ ಕಳೆದುಕೊಂಡು, ಊರಿಗೆ ಕರ್ಫ್ಯೂ ಬಿತ್ತು. ನಾವಾಗಲೇ ದೇರೆಬೈಲಿನ ಈಗಿನ ಮನೆಯಲ್ಲಿದ್ದೆವು. ಹೆಸರೇ ಹೇಳುವಂತೆ ಇದು ಒಂದು ಕಾಲದ ಬೈಲು. ನಾವು ಬರುವ ಹೊತ್ತಿಗೆ ಗದ್ದೆಗಳಲ್ಲಿ ಮನೆಗಳೆದ್ದಾಗಿತ್ತು. ಅಲ್ಲೊಂದು ಇಲ್ಲೊಂದು ತೋಟ ಉಳಿದಿತ್ತು. ಪುತ್ತೂರಿನಿಂದ ನನ್ನ ಅಕ್ಕ ನಾಲ್ಕು ದಿನಕ್ಕೆಂದು ಬಂದವರು ಇಲ್ಲಿಯೇ ಸಿಕ್ಕಿಬಿದ್ದರು. ಅವರಿಗೆ ರಕ್ತದೊತ್ತಡದ ಮಾತ್ರೆ ದಿನಕ್ಕೊಂದು ಬೇಕು. ಮಾತ್ರೆಯ ಪಟ್ಟಿಯಲ್ಲಿ ಉಳಿದದ್ದು ಐದು. ಕೊಟ್ಟಾರದ ಕಡೆಗೆ ಹೋಗುವ ತಿರುವಿನವರೆಗೆ ಹೋಗಿ ನೋಡೋಣವೆಂದು ಹೊರಟೆ. ಅಲ್ಲಿ ನಿಂತಿದ್ದ ಪೊಲೀಸಿನವರು ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತಿನವರು. ‘ಮಾಸ್ಟ್ರೆ, ಇಲ್ಲಡೆ ಪೋಲೆ’ ಎಂದರು. ‘ಇದು ಯಾವಾಗ ಮುಗಿಯುತ್ತದೆ?’ ಎಂದು ಕೇಳಿದೆ. ಅವರ ಉತ್ತರ: ‘ಮುಂದಿನ ಆದೇಶದವರೆಗೆ.’

ನಾನು ತರಗತಿಯಲ್ಲಿ ಹೇಳಿದ ಮಾತು ನನಗೇ ಮರಳಿ ಬಂದಿತ್ತು. ಮನೆಗೆ ಬಂದು ನೋಡಿದರೆ ಅಕ್ಕ ಒಂದು ಮಾತ್ರೆಯನ್ನು ಅಡಕೆ ಕತ್ತರಿಯಲ್ಲಿ ಎರಡಾಗಿ ಕತ್ತರಿಸುತ್ತಿದ್ದರು. ಐದು ದಿನವೆಂದು ಗೊತ್ತಿದ್ದರೆ ದಿನಕ್ಕೊಂದು ನುಂಗಬಹುದಿತ್ತು. ಹತ್ತು ದಿನವೆಂದು ಗೊತ್ತಿದ್ದರೆ ಡಾಕ್ಟರರಿಗೆ ಫೋನ್ ಮಾಡಿ ಬೇರೆ ಉಪಾಯ ಕೇಳಬಹುದಿತ್ತು. ಗೊತ್ತಿಲ್ಲದಿದ್ದವರು ಅರ್ಧ ಅರ್ಧ ಮಾಡುತ್ತಾರೆ. ಮರುದಿನ ಕೆಲವು ಗಂಟೆಗಳ ಸಡಿಲಿಕೆ ಸಿಕ್ಕಿದಾಗ ಮೆಡಿಕಲ್ ಅಂಗಡಿಯ ಮುಂದೆ ನಿಂತ ಸಾಲನ್ನು ನೋಡಿದ ಮೇಲೆ, ಆ ರಾತ್ರಿ ದೇರೆಬೈಲಿನಲ್ಲಿ ಎಷ್ಟು ಮನೆಗಳಲ್ಲಿ ಮಾತ್ರೆ ಕತ್ತರಿಸಿದರೋ ಎಂದುಕೊಂಡೆ. ಅಕ್ಕನಿಗೇನೂ ಆಗಲಿಲ್ಲ. ಆಮೇಲೆಯೂ ಹಲವು ವರ್ಷ ಬದುಕಿದರು, ಮಂಗಳೂರಿಗೆ ಬರುವಾಗಲೆಲ್ಲ ತಿಂಗಳಿಗಾಗುವಷ್ಟು ಮಾತ್ರೆ ತರುತ್ತಿದ್ದರು.

ಇಲ್ಲೊಂದು ಸಂಗತಿ ಹೇಳಬೇಕು. ಕರ್ಫ್ಯೂ ಎಂಬ ಶಬ್ದವೇ 144ನೆಯ ಸೆಕ್ಷನ್ನಿನಲ್ಲಿ ಇರಲಿಲ್ಲ. ಇಂಥ ಕೃತ್ಯದಿಂದ ದೂರವಿರಿ ಎಂದು ಆಜ್ಞಾಪಿಸುವ ಅಧಿಕಾರವನ್ನೇ ಹಿಗ್ಗಿಸಿ, ಮನೆಯಿಂದ ಹೊರಡುವುದನ್ನೂ ಅದರೊಳಗೆ ಸೇರಿಸುತ್ತಿದ್ದರು. ಆದಕಾರಣ ಕರ್ಫ್ಯೂವಿಗೂ ಅದೇ ಕಾಲಮಿತಿ. ಅಂದು ಆ ಆದೇಶಕ್ಕೆ ಸಹಿ ಹಾಕುವವರು ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳು. ಪೊಲೀಸರು ವರದಿ ಕೊಡಬೇಕು, ಇವರು ಓದಿ ಒಪ್ಪಬೇಕು. 2010ರ ಜನವರಿಯಲ್ಲಿ ಮಂಗಳೂರಿಗೆ ಪೊಲೀಸ್ ಕಮಿಷನರೇಟ್ ಬಂದ ಬಳಿಕ ನಗರದಲ್ಲಿ ಆ ಅಧಿಕಾರ ಕಮಿಷನರರದಾಯಿತು. ಬೇಕೆಂದು ಕೇಳುವ ಇಲಾಖೆಯೂ ಸರಿಯೆಂದು ಸಹಿ ಹಾಕುವ ಇಲಾಖೆಯೂ ಒಂದೇ ಆಯಿತು. ವೇಗದ ದೃಷ್ಟಿಯಿಂದ ಅನುಕೂಲವೇ ಇರಬಹುದು; ನನಗೆ ಮಾತ್ರ ಓದಿ ಒಪ್ಪುವ ಎರಡನೆಯ ಕಣ್ಣು ಹೋಯಿತೆಂದು ಅನಿಸುತ್ತದೆ. ಅವಧಿಯ ಮಿತಿಗೆ ಅದರಿಂದ ಬೆಲೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಎರಡು ತಿಂಗಳ ಮಿತಿಯನ್ನು ದಾಟದೆಯೇ ಮೀರುವ ಉಪಾಯವೂ ಒಂದಿದೆ. ಎರಡು ತಿಂಗಳು ಮುಗಿಯುವ ದಿನ ಅದೇ ಆದೇಶಕ್ಕೆ ಹೊಸ ದಿನಾಂಕ ಹಾಕಿ ಹೊಸದೆಂದು ಹೊರಡಿಸುವುದು. ಕಲ್ಕತ್ತೆಯಲ್ಲಿ ಆನಂದಮಾರ್ಗಿಗಳು ಬೀದಿಯಲ್ಲಿ ತಾಂಡವ ನೃತ್ಯ ಮಾಡುವುದರ ವಿರುದ್ಧ 1979ರ ಆಗಸ್ಟ್‌ನಿಂದ ಹೀಗೆಯೇ ಒಂದರ ಹಿಂದೊಂದು ಆದೇಶ ಹೊರಡಿಸುತ್ತ ಬಂದರು. 1983ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. 144 ಇರುವುದು ತುರ್ತಿಗೆ. ಅದನ್ನು ಮತ್ತೆಮತ್ತೆ ಹೊರಡಿಸಿ ಅರೆಶಾಶ್ವತ ಮಾಡುವುದು ಕಾನೂನಿನ ಉದ್ದೇಶವಲ್ಲ ಎಂದಿತು. ವಿಚಿತ್ರವೆಂದರೆ ಇಷ್ಟು ಹೇಳಿಯೂ ಆನಂದಮಾರ್ಗಿಗಳ ಅರ್ಜಿ ವಜಾ ಆಯಿತು, ಏಕೆಂದರೆ ಬೀದಿಯಲ್ಲಿ ತಾಂಡವ ಮಾಡುವುದು ಅವರ ಧರ್ಮದ ಅವಿಭಾಜ್ಯ ಅಂಗವಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತ್ತು. ಸೋತವರ ಮೊಕದ್ದಮೆಯಿಂದ ಉಳಿದವರಿಗೆಲ್ಲ ಒಂದು ಹಕ್ಕು ದೊರೆಯಿತು.

ಅದೇ ಮಾತನ್ನು 2020ರ ಜನವರಿ 10ರಂದು, ಕಾಶ್ಮೀರದ ನಿರ್ಬಂಧಗಳ ಕುರಿತಾದ ಅನುರಾಧಾ ಭಸೀನ್ ಪ್ರಕರಣದಲ್ಲಿ, ನ್ಯಾಯಾಲಯ ಇನ್ನಷ್ಟು ಬಿಡಿಸಿ ಹೇಳಿತು. ಆದೇಶವನ್ನು ಪ್ರಕಟಿಸತಕ್ಕದ್ದು, ಕಾರಣಗಳನ್ನು ಬರೆಯತಕ್ಕದ್ದು, ಪುನರಾವರ್ತನೆ ಅಧಿಕಾರದ ದುರುಪಯೋಗವಾಗುತ್ತದೆ, ಇಂಟರ್‌ನೆಟ್ಟನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ ಎಂದೆಲ್ಲ. ಆ ತನಕ ಇಂಟರ್‌ನೆಟ್ ನಿಲ್ಲಿಸುವ ನಿಯಮಗಳಲ್ಲಿ ದಿನದ ಲೆಕ್ಕವೇ ಇರಲಿಲ್ಲ. 2020ರ ನವೆಂಬರ್‌ನಲ್ಲಿ ಹದಿನೈದು ದಿನವೆಂಬ ಮಿತಿಯನ್ನು ಸೇರಿಸಿದರು. ಇದಕ್ಕೆ ಒಂದು ತಿಂಗಳ ಹಿಂದೆಯಷ್ಟೇ, 2019ರ ಡಿಸೆಂಬರ್ 19ರಂದು, ನಮ್ಮ ಮಂಗಳೂರಿನಲ್ಲಿ ಪೊಲೀಸರ ಗೋಲಿಬಾರಿಗೆ ಇಬ್ಬರು ಬಲಿಯಾಗಿ, ಕರ್ಫ್ಯೂ ಬಿದ್ದು, ಜಿಲ್ಲೆಯಲ್ಲಿ ನಲವತ್ತೆಂಟು ಗಂಟೆ ಮೊಬೈಲ್ ಇಂಟರ್‌ನೆಟ್ ನಿಂತಿತ್ತು. ಹೊರದೇಶದಲ್ಲಿರುವ ನೀವೆಲ್ಲ ವಾಟ್ಸಾಪಿನಲ್ಲಿ ಉತ್ತರವಿಲ್ಲವೆಂದು ಗಾಬರಿಗೊಂಡು ನಮ್ಮ ಹಳೆಯ ಲ್ಯಾಂಡ್‌ಲೈನಿಗೆ ಕರೆ ಮಾಡಿದ್ದು ಆಗಲೇ. ಆ ಫೋನನ್ನು ತೆಗೆಸಿಬಿಡಬೇಕೆಂದಿದ್ದ ಮನೆಯವಳು ಅಂದಿನಿಂದ ಆ ಮಾತೆತ್ತಿಲ್ಲ.

ಅದೇ ದಿನ ಬೆಂಗಳೂರಿನಲ್ಲೂ ಮೂರು ದಿನಗಳ ನಿಷೇಧಾಜ್ಞೆ ಇತ್ತು. ಎರಡು ತಿಂಗಳೆಲ್ಲಿ, ಮೂರು ದಿನವೆಲ್ಲಿ! ಅವಧಿಯ ದೃಷ್ಟಿಯಿಂದ ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಆದರೂ 2020ರ ಫೆಬ್ರವರಿ 13ರಂದು ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಕಾನೂನುಬಾಹಿರವೆಂದು ಸಾರಿತು. ಅಂಥ ಆದೇಶಕ್ಕೆ ಬೇಕಾದ ವಿಚಾರಣೆ, ಕಾರಣ ಸರಿಯಾಗಿ ದಾಖಲಾಗಿರಲಿಲ್ಲ. ತೀರ್ಪು ಬರುವ ಹೊತ್ತಿಗೆ ಆದೇಶ ಮುಗಿದು ಎರಡು ತಿಂಗಳಿಗೆ ಹತ್ತಿರವಾಗಿತ್ತು. ಅಲ್ಪಾಯುಸ್ಸಿನ ಆದೇಶಗಳಲ್ಲಿ ಇದೊಂದು ತೊಡಕು: ನ್ಯಾಯಾಲಯ ತಲುಪುವ ಮೊದಲೇ ಅವು ತಮ್ಮ ಕೆಲಸ ಮಾಡಿ ಮುಗಿಸಿರುತ್ತವೆ. ಆದುದರಿಂದ ಕಾಲಮಿತಿಯೊಂದೇ ಸಾಕೆಂದು ನಾನು ಈಗ ಹೇಳಲಾರೆ.

ಆಮೇಲೆ ಕೊರೋನಾ ಬಂತು. ಅದರ ವಿಚಾರವನ್ನು ಹಿಂದೆಯೇ ಬೇಕಾದಷ್ಟು ಬರೆದಿರುವೆನಾದ್ದರಿಂದ ಎರಡೇ ಮಾತು. 2020ರ ಮಾರ್ಚ್ 24ರ ದೇಶವ್ಯಾಪಿ ಆದೇಶ ಹೊರಟದ್ದು 2005ರ ವಿಪತ್ತು ನಿರ್ವಹಣಾ ಕಾಯಿದೆಯ ಕೆಳಗೆ. ಆ ಕಾಯಿದೆಯಲ್ಲಿ ಇಂಥ ಆದೇಶಕ್ಕೆ ಎರಡು ತಿಂಗಳು, ಆರು ತಿಂಗಳು ಎಂಬ ಮೇರೆ ಇಲ್ಲ. ಪ್ಲೇಗಿನ ಕಾಲದಲ್ಲಿ ನಾಲ್ಕೇ ಸೆಕ್ಷನ್ನುಗಳಲ್ಲಿ ಬರೆದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯಲ್ಲೂ ಇರಲಿಲ್ಲ. ಮೊದಲು ಇಪ್ಪತ್ತೊಂದು ದಿನ, ಮತ್ತೆ ಮೇ 3ರವರೆಗೆ, ಮತ್ತೆ ಮೇ 17, ಮತ್ತೆ 31. ಕೇಂದ್ರದ ಈ ಆದೇಶಗಳ ಸರಣಿ ಪೂರ್ತಿ ನಿಂತದ್ದು 2022ರ ಮಾರ್ಚ್ 31ರಂದು, ಎರಡು ವರ್ಷದ ಮೇಲೆ ಒಂದು ವಾರ ಕಳೆದು. ರೋಗ ನಿಜವಾಗಿತ್ತು, ಸಾವು ನಿಜವಾಗಿತ್ತು, ಮೊದಲ ದಿನಗಳ ಬಿಗಿ ಬೇಕೇ ಇತ್ತೆಂದು ನಾನು ಒಪ್ಪುತ್ತೇನೆ. ಆದರೆ ತಲಪಾಡಿಯಲ್ಲಿ ಗಡಿಯನ್ನು ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ, ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರ, ಕಾಸರಗೋಡಿನ ನಮ್ಮ ಬಂಧುಗಳು ಆಚೆಯೇ ನಿಂತರು. ಕೇರಳದ ಉಚ್ಚ ನ್ಯಾಯಾಲಯ ಮಧ್ಯೆ ಬಂದು, ವಿಷಯ ದಿಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಏಪ್ರಿಲ್ ಮೊದಲ ವಾರದಲ್ಲಿ ರೋಗಿಗಳಿಗಷ್ಟು ದಾರಿಯಾಯಿತು. ಅಲ್ಲಿಯವರೆಗೆ ಗಡಿಯಾಚೆಯವರಿಗೆ ಯಾರೂ ಒಂದು ತಾರೀಕನ್ನು ಹೇಳಲಿಲ್ಲ.

ಮೇಲಿನ ಮಟ್ಟದಲ್ಲೂ ಇದೇ ಕಥೆ. ಚೀನಾ ಯುದ್ಧಕ್ಕೆಂದು 1962ರ ಅಕ್ಟೋಬರ್ 26ರಂದು ಘೋಷಿಸಿದ ತುರ್ತು ಪರಿಸ್ಥಿತಿ ಯುದ್ಧ ನಿಂತ ಮೇಲೂ ಐದು ವರ್ಷ ಉಳಿದು, 1968ರ ಜನವರಿ 10ರಂದು ಮುಗಿಯಿತು. ಆರು ತಿಂಗಳಿಗೊಮ್ಮೆ ಸಂಸತ್ತು ಹೊಸದಾಗಿ ಒಪ್ಪಬೇಕೆಂಬ ನಿಯಮ ಸಂವಿಧಾನಕ್ಕೆ ಬಂದದ್ದು 1975ರ ಅನುಭವವಾದ ಮೇಲೆ, 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ. ಇತಿಹಾಸದ ಮಾಸ್ತರನಾಗಿ ರೋಮನ್ನರ ಹೆಸರನ್ನು ಎತ್ತದೆ ಇರಲಾರೆ, ಕ್ಷಮಿಸಿ: ಅವರ ಗಣರಾಜ್ಯದಲ್ಲಿ ವಿಪತ್ತಿನ ಹೊತ್ತಿಗೆ ನೇಮಕವಾಗುತ್ತಿದ್ದ ಸರ್ವಾಧಿಕಾರಿಗೆ ಆರು ತಿಂಗಳ ಗಡುವಿತ್ತು. ಸೀಸರನನ್ನು ಆಜೀವ ಸರ್ವಾಧಿಕಾರಿಯನ್ನಾಗಿ ಮಾಡಿದ್ದು ಕ್ರಿ.ಪೂ. 44ರಲ್ಲಿ. ಮುಂದಿನದನ್ನು ಎಂಟನೆಯ ತರಗತಿಯಲ್ಲಿ ನಿಮಗೆ ಹೇಳಿದ್ದೇನೆ.

ಮತ್ತೆ ಕ್ಯಾಲಿಫೋರ್ನಿಯಾದ ಪತ್ರಕ್ಕೆ ಬರುತ್ತೇನೆ. ಅಲ್ಲಿ ಅರವತ್ತು ದಿನ, ಇಲ್ಲಿ ಎರಡು ತಿಂಗಳು. ಅಂಕೆಗಳು ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸವಿರುವುದು ಕೇಳುವವರಲ್ಲಿ. ಅವನ ಊರಿನಲ್ಲಿ ಜನರು ಆರಿಸಿದ ಸದಸ್ಯರು ಬಹಿರಂಗ ಸಭೆಯಲ್ಲಿ ಕೈಯೆತ್ತಬೇಕು. ಅವನು ಹೋಗಿ ಹಿಂದಿನ ಕುರ್ಚಿಯಲ್ಲಿ ಕುಳಿತು ನೋಡಿಬಂದನಂತೆ. ಮಂಗಳೂರು ಮಹಾನಗರಪಾಲಿಕೆಯ ಅರವತ್ತು ವಾರ್ಡುಗಳಲ್ಲಿ ದೇರೆಬೈಲಿನ ಹೆಸರು ಹೊತ್ತವೇ ಹಲವು. ಚರಂಡಿಗೆ, ದಾರಿದೀಪಕ್ಕೆ ನಾವು ಕಾರ್ಪೊರೇಟರರ ಮನೆ ಬಾಗಿಲು ತಟ್ಟುತ್ತೇವೆ. ಆದರೆ ಅದೇ ದಾರಿಯಲ್ಲಿ ಐದು ಮಂದಿ ಸೇರಬಾರದೆಂಬ ಆಜ್ಞೆ ಹೊರಟಾಗ ಪಾಲಿಕೆಯನ್ನು ಕೇಳುವ ಕ್ರಮ ಕಾನೂನಿನಲ್ಲಿಲ್ಲ. ಗಲಭೆಯ ನಡುವೆ ಪಾಲಿಕೆಯ ಸಭೆ ಕರೆಯುತ್ತ ಕುಳಿತುಕೊಳ್ಳಲಾಗದೆಂಬುದು ಸರಿ. ಎರಡನೆಯ ವಾರದಲ್ಲಾದರೂ ಕೇಳಬಹುದಲ್ಲವೇ ಎಂಬುದು ಅವನ ಪ್ರಶ್ನೆ, ಈ ಸಲ ನಾನು ಅವನನ್ನು ಕುಳ್ಳಿರಿಸಲಿಲ್ಲ.

2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನೂರ ನಲವತ್ತನಾಲ್ಕು ಈಗ ನೂರ ಅರವತ್ತಮೂರಾಗಿದೆ. ಎರಡು ತಿಂಗಳು, ಆರು ತಿಂಗಳುಗಳ ಲೆಕ್ಕ ಮಾತ್ರ ಬದಲಾಗಿಲ್ಲ. 2025ರ ಮೇ ತಿಂಗಳ ಮೊದಲ ದಿನ ಬಜಪೆಯಲ್ಲಿ ಕೊಲೆಯೊಂದು ನಡೆದು ನಗರದಲ್ಲಿ ಮತ್ತೆ ನಿಷೇಧಾಜ್ಞೆ ಬಂದಾಗ ಪತ್ರಿಕೆಯನ್ನು ಭೂತಕನ್ನಡಿ ಹಿಡಿದು ಓದಿದೆ: ಮೇ 2ರ ಬೆಳಗ್ಗೆ 6ರಿಂದ ಮೇ 6ರ ಬೆಳಗ್ಗೆ 6ರ ತನಕ. ತಾರೀಕು, ಗಂಟೆ ಎರಡೂ ಇದ್ದವು. ಆ ತುಂಡನ್ನು ಕತ್ತರಿಸಿ ಹಳೆಯ ಪಂಚಾಂಗದೊಳಗೆ ಇಟ್ಟಿದ್ದೆ. ಮೊನ್ನೆ ಅದರ ಫೋಟೋ ತೆಗೆದು ಕ್ಯಾಲಿಫೋರ್ನಿಯಾಕ್ಕೆ ಕಳುಹಿಸಿದೆ.

ಇನ್ನು 1998-99ನೆಯ ಸಾಲಿನ ಹತ್ತನೆಯ ತರಗತಿಯವರಿಗೆ. ನಿಮ್ಮಲ್ಲಿ ಆರೇಳು ಮಂದಿಯಾದರೂ ಈ ಪುಟವನ್ನು ಓದುತ್ತೀರೆಂದು ಬಲ್ಲೆ. ಅಂದಿನ ಟಿಪ್ಪಣಿ ಪುಸ್ತಕ ಯಾರ ಬಳಿಯಲ್ಲಾದರೂ ಉಳಿದಿದ್ದರೆ ಮೂಲಭೂತ ಹಕ್ಕುಗಳ ಪಾಠದಲ್ಲಿ ಹೀಗೆ ತಿದ್ದಿಕೊಳ್ಳಿರಿ: ‘ಮುಂದಿನ ಆದೇಶದವರೆಗೆ’ ಎಂಬುದನ್ನು ಹೊಡೆದುಹಾಕಿ, ‘ಎರಡು ತಿಂಗಳು, ರಾಜ್ಯ ಸರಕಾರ ವಿಸ್ತರಿಸಿದರೆ ಮತ್ತೆ ಆರು ತಿಂಗಳು ಮೀರದಂತೆ, ನೊಂದವರು ರದ್ದತಿಗೆ ಅರ್ಜಿ ಸಲ್ಲಿಸಬಹುದು’ ಎಂದು ಬರೆಯಿರಿ.